ಎದುರು ಮಾತಾಡಿದರೆ ಪಗಾರ ಬಂದ್

2025ರ ಜನವರಿಯಲ್ಲಿ, ಸಂಕ್ರಾಂತಿಯ ಹಿಂದುಮುಂದು, ಎರಡು ವಿಡಿಯೊಗಳು ನಮ್ಮ ಮೊಬೈಲುಗಳಲ್ಲಿ ಹರಿದಾಡಿದವು. ಮೊದಲನೆಯದರಲ್ಲಿ ಎಲ್ ಆಂಡ್ ಟಿ ಕಂಪನಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ತಮ್ಮ ನೌಕರರೊಂದಿಗೆ ಮಾತಾಡುತ್ತಿದ್ದರು. ವಾರಕ್ಕೆ 90 ತಾಸು ದುಡಿಯಬೇಕು, ನಿಮ್ಮಿಂದ ಭಾನುವಾರವೂ ಕೆಲಸ ಮಾಡಿಸಲು ಆಗುತ್ತಿಲ್ಲವಲ್ಲ ಎಂಬ ಬೇಸರ ನನಗಿದೆ, ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬುದು ಆ ಮಾತಿನ ತಿರುಳು. ಎರಡನೆಯದರಲ್ಲಿ ಮಾತು ಕಡಿಮೆ. ವಿಜಯಪುರದ ಒಂದು ಇಟ್ಟಂಗಿ ಭಟ್ಟಿಯಲ್ಲಿ ಕೂಲಿಯವರನ್ನು ಹಿಡಿದು ಅಂಗಾಲಿಗೆ ಪೈಪಿನಿಂದ ಬಾರಿಸುತ್ತಿದ್ದರು. ಹೊಡೆತ ತಿಂದ ಮೂವರೂ ಜಮಖಂಡಿ ತಾಲ್ಲೂಕಿನವರು. ಹಬ್ಬಕ್ಕೆಂದು ಊರಿಗೆ ಹೋಗಿದ್ದರು, ತಲೆಯ ಮೇಲೆ ಮುಂಗಡದ ಲೆಕ್ಕವಿತ್ತು. ವಿಡಿಯೊ ಊರೆಲ್ಲ ನೋಡಿದ ಮೇಲೆ ಪೊಲೀಸರು ಐವರನ್ನು ಬಂಧಿಸಿದರು.

ಮೊದಲ ವಿಡಿಯೊದ ಗದ್ದಲ ವಾರಗಟ್ಟಲೆ ನಡೆಯಿತು. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ಸಿಟ್ಟಾಗಿ ಬರೆದರು, ಉದ್ಯಮಿಗಳು ಪರ-ವಿರೋಧ ನಿಂತರು, ಕಂಪನಿ ಕೊಟ್ಟ ಸಮಜಾಯಿಷಿಗೇ ಇನ್ನೊಂದು ಸುತ್ತು ಬೈಗುಳ ಬಿತ್ತು. ಎರಡನೆಯದು ನಾಲ್ಕು ದಿನ ಸುದ್ದಿಯಾಗಿ ಆರಿತು. ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಪತ್ರಿಕೆ ಓದುವವರು, ಪತ್ರಿಕೆಗೆ ಬರೆಯುವವರು ಹೆಚ್ಚಾಗಿ ಕುರ್ಚಿಯ ಮೇಲೆ ಕೂತು ದುಡಿಯುವವರು. ಬಾಸ್ ಆಡಿದ ಮಾತು ಅವರಿಗೆ ಚುಚ್ಚುತ್ತದೆ. ಭಟ್ಟಿಯ ಪೈಪು ಅವರ ಅಂಗಾಲಿಗೆ ತಾಗುವುದಿಲ್ಲ.

ಎಲ್ ಆಂಡ್ ಟಿ ಅಧ್ಯಕ್ಷರಿಗೆ ಹಾಗೆ ಮಾತಾಡುವ ಹಕ್ಕಿತ್ತೇ? ಇತ್ತು. ನಗುವ ಹಕ್ಕು ನಮಗೂ ಇತ್ತು, ನಕ್ಕೆವು. ಸಂವಿಧಾನದ 19ನೇ ವಿಧಿ ಮಾತಿಗೆ ಸರ್ಕಾರ ಸುಮ್ಮಸುಮ್ಮನೆ ಅಡ್ಡ ಬರಬಾರದು ಎನ್ನುತ್ತದೆಯೇ ಹೊರತು, ಆಡಿದ ಮಾತಿಗೆ ಯಾರೂ ಎದುರಾಡಬಾರದು ಎನ್ನುವುದಿಲ್ಲ. ಇಷ್ಟರಮಟ್ಟಿಗೆ ಲೆಕ್ಕ ಸರಳ. ಆದರೆ ಆ ಸಭೆಯಲ್ಲಿ ಕೂತಿದ್ದ ನೌಕರನೊಬ್ಬ ಎದ್ದು ನಿಂತು, ‘ಸರ್, ಈ ಮಾತು ನಿಮ್ಮ ಮನೆಯವರಿಗೆ ಹೇಳಿದ್ದೀರಾ?’ ಎಂದು ಕೇಳಿದ್ದರೆ? ಮರುದಿನ ಅವನ ಕೆಲಸ ಹೋಗಿದ್ದರೆ 19ನೇ ವಿಧಿ ಹಿಡಿದು ಅವನು ಹೆಚ್ಚು ದೂರ ಹೋಗಲಾರ. ಖಾಸಗಿ ಕಂಪನಿ ಸರ್ಕಾರವಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ, ಈ ಹಕ್ಕನ್ನು ಸರ್ಕಾರವಲ್ಲದವರ ಎದುರೂ ಕೇಳಬಹುದು ಎಂದು ಬಹುಮತದಿಂದ ಹೇಳಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅದನ್ನು ಒಪ್ಪಲಿಲ್ಲ. ಅದೆಲ್ಲ ದೊಡ್ಡ ಕೋರ್ಟಿನ ದೊಡ್ಡ ಮಾತು. ಭಟ್ಟಿಯಿಂದ ದಿಲ್ಲಿ ಬಹಳ ದೂರ.

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ದುಡಿಯುವ ಜನರ ನಡುವೆ ನಿಂತು ನೋಡಿದರೆ ವಾಕ್ ಸ್ವಾತಂತ್ರ್ಯದ ಪ್ರಶ್ನೆ ಬೇರೆಯೇ ಆಗಿ ಕಾಣುತ್ತದೆ. ಮಾಲಕ ಎಷ್ಟು ಬೈಯಬಹುದು ಎಂಬ ಚರ್ಚೆ ಇಲ್ಲಿ ಯಾರಿಗೂ ಬೇಕಿಲ್ಲ. ಬೈದಾಗ ಒಂದು ಮಾತು ತಿರುಗಿ ಹೇಳಿದರೆ ನಾಳೆ ಒಲೆ ಹೊತ್ತುತ್ತದೆಯೇ ಎಂಬುದೊಂದೇ ಪ್ರಶ್ನೆ.

ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗದ ಶೆಡ್ಡಿಗೆ ಹೋಗಿ. ಮೊದಲು ಕಿವಿ ಕೆಲಸ ನಿಲ್ಲಿಸುತ್ತದೆ. ಮಗ್ಗಗಳ ಖಟಪಟದಲ್ಲಿ ಪಕ್ಕದವನ ಮಾತು ಕೇಳುವುದಿಲ್ಲ. ನೇಕಾರರು ತುಟಿ ನೋಡಿ, ಕೈ ಆಡಿಸಿ ಮಾತಾಡಿಕೊಳ್ಳುತ್ತಾರೆ. ಅಲ್ಲಿ ಮಾಲಕನ ಸಿಟ್ಟಿಗೂ ದನಿ ಬೇಕಿಲ್ಲ. ನೇಯ್ದ ಸೀರೆ ಅವನ ಕೈಗೆ ಹೋಗುತ್ತದೆ. ಬೆಳಕಿಗೆ ಹಿಡಿದು ಒಂದು ಕಡೆ ಬೆರಳಿಡುತ್ತಾನೆ: ‘ಇಲ್ಲಿ ಎಳಿ ಬಿಟ್ಟೈತಿ ನೋಡು.’ ಎಳೆ ಬಿಟ್ಟಿದ್ದು ನೂಲು ಕೆಟ್ಟದ್ದಿದ್ದರಿಂದಲೋ, ಕರೆಂಟು ಹೋಗಿ ಬಂದದ್ದರಿಂದಲೋ, ನೇಕಾರನ ಕೈ ತಪ್ಪಿದ್ದರಿಂದಲೋ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಮಜೂರಿಯಲ್ಲಿ ಇಷ್ಟು ಕಡಿದ ಎಂದರೆ ಕಡಿದ. ನೇಕಾರ ತಲೆಯಾಡಿಸಿ ಮಗ್ಗಕ್ಕೆ ಮರಳುತ್ತಾನೆ. ಬೈಗುಳ ಇಲ್ಲ, ಅಪಮಾನದ ಮಾತಿಲ್ಲ. ಮೊಬೈಲಿನಲ್ಲಿ ಹಿಡಿದರೂ ನೋಡುವವರಿಗೆ ಏನೂ ಕಾಣದು. ಆದರೆ ಮೇಲಿನವನು ಕೆಳಗಿನವನೊಂದಿಗೆ ನಡೆದುಕೊಳ್ಳುವ ರೀತಿ ಎಂದು ನಾವು ಏನನ್ನು ಕರೆಯುತ್ತೇವೆಯೋ ಅದೆಲ್ಲ ಆ ಒಂದು ಬೆರಳಿನಲ್ಲಿದೆ.

ಇನ್ಫೊಸಿಸ್‌ನ ಎನ್.ಆರ್. ನಾರಾಯಣ ಮೂರ್ತಿ 2023ರ ಅಕ್ಟೋಬರ್‌ನಲ್ಲಿ ವಾರಕ್ಕೆ 70 ತಾಸಿನ ಮಾತಾಡಿದಾಗಲೂ ದೇಶ ಎರಡು ಹೋಳಾಗಿತ್ತು. ಬನಹಟ್ಟಿಯಲ್ಲಿ ಅದನ್ನು ಕೇಳಿ ಬೆಚ್ಚಿಬಿದ್ದವರು ಇದ್ದಂತೆ ಕಾಣಲಿಲ್ಲ. ಸೀರೆಗೆ ಇಷ್ಟು ಎಂದು ಮಜೂರಿ ಸಿಗುವಲ್ಲಿ, ಇಷ್ಟು ತಾಸು ದುಡಿ ಎಂದು ಯಾರೂ ಭಾಷಣ ಮಾಡಬೇಕಿಲ್ಲ. ಮಜೂರಿಯ ದರವೇ ಆ ಭಾಷಣ ಮಾಡುತ್ತದೆ. ಇನ್ನು ಹೆಂಡತಿಯ ಮುಖ ನೋಡುವ ವಿಚಾರ: ಮನೆಯಲ್ಲೇ ಮಗ್ಗ ಇಟ್ಟುಕೊಂಡ ನೇಕಾರನಿಗೆ ಅದಕ್ಕೆ ರಜೆಯೇ ಬೇಡ. ಆಕೆ ಪಕ್ಕದಲ್ಲೇ ಕೂತು ಕಂಡಿಕಿ ಸುತ್ತುತ್ತಿರುತ್ತಾಳೆ. ಆ ದುಡಿಮೆ ಸೀರೆಯ ಮಜೂರಿಯಲ್ಲೇ ಕರಗಿಹೋಗುತ್ತದೆ, ಆಕೆಯ ಹೆಸರಿಗೆ ಬೇರೆ ದುಡ್ಡು ಬರುವುದಿಲ್ಲ. 90 ತಾಸಿನ ಅಧ್ಯಕ್ಷರು ಒಮ್ಮೆ ಇಲ್ಲಿ ಬಂದಿದ್ದರೆ ತಮ್ಮ ಕನಸು ನೂರು ವರ್ಷದಿಂದ ನನಸಾಗಿರುವುದನ್ನು ಕಂಡು ಹೋಗಬಹುದಿತ್ತು.

ಮುಧೋಳದ ಕಡೆ ಹೊರಳಿದರೆ ಕಬ್ಬು. ಸಕ್ಕರೆ ಕಾರ್ಖಾನೆಯ ಲೆಕ್ಕದಲ್ಲಿ ಫೀಲ್ಡ್‌ಮನ್ ಎಂಬವನು ತೀರ ಕೆಳಗಿನ ನೌಕರ. ರೈತನ ಹೊಲದ ಬದುವಿನಲ್ಲಿ ನಿಂತಾಗ ಅವನಷ್ಟು ದೊಡ್ಡ ಸಾಹೇಬ ಇನ್ನೊಬ್ಬನಿಲ್ಲ. ಯಾರ ಕಬ್ಬು ಮೊದಲು ಕಡಿಯಬೇಕು, ಗ್ಯಾಂಗು ಯಾರ ಹೊಲಕ್ಕೆ ಇಳಿಯಬೇಕು ಎಂಬುದು ಅವನ ಪುಸ್ತಕದಲ್ಲಿ ಇರುತ್ತದೆ. ಕಬ್ಬು ಬಲಿತು ನಿಂತ ಮೇಲೆ ದಿನ ಕಳೆದಂತೆ ಸೂಲಂಗಿ ಬಿಡುತ್ತದೆ, ಒಣಗುತ್ತದೆ, ತೂಕ ಇಳಿಯುತ್ತದೆ. ಕಡಿದು ಗಾಡಿಗೆ ಹೇರಿದ ಮೇಲಂತೂ ತಾಸಿನ ಲೆಕ್ಕದಲ್ಲಿ ನಷ್ಟ. ಇಂಥ ಬೆಳೆ ಬೆಳೆದವನು ಕಾರ್ಖಾನೆಯ ಬಗ್ಗೆ, ಅದರ ತೂಕದ ಬಗ್ಗೆ, ಬಾಕಿ ಬಿಲ್ಲಿನ ಬಗ್ಗೆ ಒಬ್ಬನೇ ನಿಂತು ಬಾಯಿಬಿಟ್ಟಾನೇ? ‘ಸುಮ್ನಿರಪಾ, ಮೊದ್ಲ ಕಬ್ ಹೋಗ್ಲಿ’ ಎಂದು ಮನೆಯ ಹಿರಿಯರೇ ಬಾಯಿ ಮುಚ್ಚಿಸುತ್ತಾರೆ. ಕಬ್ಬು ಹೋದ ಮೇಲೆ ‘ಮೊದ್ಲ ಬಿಲ್ ಬರ್ಲಿ’. ಬಿಲ್ಲು ಬಂದ ಮೇಲೆ ಮುಂದಿನ ಹಂಗಾಮು. ಮಾತಿಗೆ ಹೊತ್ತೇ ಬರುವುದಿಲ್ಲ.

ಒಬ್ಬನೇ ಆಡಲಾರದ ಮಾತು ಗುಂಪಿನಲ್ಲಿ ಹೊರಬಿತ್ತು, 2025ರ ನವೆಂಬರ್‌ನಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಶುರುವಾದ ಕಬ್ಬಿನ ದರದ ಹೋರಾಟ ನಮ್ಮ ಭಾಗಕ್ಕೂ ಹಬ್ಬಿತು. ಟನ್ನಿಗೆ 3,500 ರೂಪಾಯಿ ಕೇಳಿದರು. ಸರ್ಕಾರ ಮಧ್ಯೆ ಬಂದು 3,300 ರೂಪಾಯಿಗೆ ಒಪ್ಪಿಸಿತು, ಆದರೆ ಅದನ್ನು ಸಕ್ಕರೆ ಇಳುವರಿಗೆ ಗಂಟುಹಾಕಿದ್ದು ಮುಧೋಳ ಭಾಗದ ರೈತರಿಗೆ ಒಪ್ಪಿಗೆಯಾಗಲಿಲ್ಲ. ಇಳುವರಿ ಅಳೆಯುವವರು ಯಾರು? ಕಾರ್ಖಾನೆಯವರೇ. ನವೆಂಬರ್ 13ರಂದು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಬಳಿ ಕಬ್ಬು ಹೇರಿಕೊಂಡು ನಿಂತಿದ್ದ ಟ್ರ್ಯಾಕ್ಟರುಗಳು ಹೊತ್ತಿ ಉರಿದವು. ಬೆಂಕಿ ಹಚ್ಚಿದವರನ್ನು ನಾನು ಸಮರ್ಥಿಸುವುದಿಲ್ಲ. ಸುಟ್ಟದ್ದು ಕಾರ್ಖಾನೆಯ ಗೋದಾಮಲ್ಲ, ರೈತ ಬೆಳೆದ ಕಬ್ಬು. ಆದರೆ ಮರುದಿನದ ಚರ್ಚೆಯೆಲ್ಲ ಬೆಂಕಿಯದೇ ಆಯಿತು. ವರ್ಷಗಟ್ಟಲೆ ಬಾಯಿಗೆ ಬಂದು ನಿಂತ ಪ್ರಶ್ನೆಗಳು, ಅಂದರೆ ತೂಕ, ಇಳುವರಿ, ಬಾಕಿ, ಸರದಿ, ಆ ಹೊಗೆಯಲ್ಲಿ ಮತ್ತೆ ಕಾಣದಾದವು.

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಇದೇ ಕಥೆ ಬೇರೆ ವೇಷದಲ್ಲಿ ನಡೆದಿತ್ತು. 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ಸಾಮಾನು ಮುರಿದರು. ಮೊದಲ ದಿನ ಎಲ್ಲರೂ ಕೂಗಿದ್ದು ದೊಂಬಿ ಎಂದು. ಸಂಬಳ ಸರಿಯಾಗಿ ಬರುತ್ತಿಲ್ಲ, ಓವರ್‌ಟೈಮ್ ದುಡ್ಡಿಲ್ಲ ಎಂದು ಅವರು ಗೊಣಗುತ್ತಿದ್ದದ್ದನ್ನು ಕೇಳುವ ಕಿವಿ ಒಳಗೆ ಇರಲಿಲ್ಲ. ಕೆಲವೇ ದಿನಗಳಲ್ಲಿ ಕೆಲವರಿಗೆ ಸಂಬಳ ಸರಿಯಾಗಿ ಹೋಗಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು, ತನ್ನ ಉಪಾಧ್ಯಕ್ಷರೊಬ್ಬರನ್ನು ಕೈಬಿಟ್ಟಿತು. ಆಪಲ್ ಆ ಕಂಪನಿಗೆ ಹೊಸ ಆರ್ಡರ್ ನಿಲ್ಲಿಸಿತು. ಗಾಜು ಒಡೆಯದೆ ಇದ್ದಿದ್ದರೆ ಇದೆಲ್ಲ ಆಗುತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರ ಕೊಡಲು ಯಾವ ಮ್ಯಾನೇಜರಿಗೂ ಇಷ್ಟವಾಗದು. ಪ್ರಶ್ನೆ ಮಾತ್ರ ಕಾರ್ಮಿಕರ ತಲೆಯಲ್ಲಿ ಉಳಿಯುತ್ತದೆ.

ಕೆಳಗಿನವನು ಮೇಲಿನವನಿಗೆ ಬೈದರೆ ಏನಾಗಬೇಕು ಎಂಬುದನ್ನು ನಮ್ಮ ನ್ಯಾಯಾಲಯಗಳು ಬಹಳ ಹಿಂದಿನಿಂದ ತೂಗುತ್ತ ಬಂದಿವೆ. 1982ರಲ್ಲಿ ಉತ್ತರ ಪ್ರದೇಶದ ಕಾರ್ಮಿಕನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಟ್ಟ ಮಾತಾಡಿದ್ದು ತಪ್ಪೇ, ಆದರೆ ಅಷ್ಟಕ್ಕೇ ಕೆಲಸದಿಂದ ತೆಗೆಯುವುದು ಅತಿಯಾಯಿತು ಎಂದಿತು. 2005ರ ಹೊತ್ತಿಗೆ ಗಾಳಿ ತಿರುಗಿತ್ತು. ಮಹೀಂದ್ರಾ ಕಂಪನಿಯ ಕಾರ್ಮಿಕನೊಬ್ಬ ಬೇರೆಯವರ ಎದುರು ಸೂಪರ್‌ವೈಸರಿಗೆ ಹೊಲಸು ಬೈದದ್ದಕ್ಕೆ ಆದ ವಜಾವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಮೇಲಿನವನು ಕೆಳಗಿನವನಿಗೆ ಬೈದ ಪ್ರಕರಣ ಅಲ್ಲಿಯವರೆಗೆ ಹತ್ತುವುದೇ ಅಪರೂಪ. 2025ರ ಫೆಬ್ರುವರಿಯಲ್ಲಿ ಒಂದು ಹತ್ತಿತು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೊಂದರ ನಿರ್ದೇಶಕರು ತಮ್ಮನ್ನು ಕೋಣೆಗೆ ಕರೆದು ದೊಡ್ಡ ದನಿಯಲ್ಲಿ ಗದರಿಸಿದರು ಎಂದು ಸಹಾಯಕ ಪ್ರಾಧ್ಯಾಪಕಿಯೊಬ್ಬರು ದೂರಿದ್ದರು. ಅದಕ್ಕೆ ಮೊದಲು ಆಕೆ ನಿರ್ದೇಶಕರ ಮೇಲೆ ಮೇಲಧಿಕಾರಿಗಳಿಗೆ ದೂರು ಕೊಟ್ಟಿದ್ದರು. ಹಿರಿಯ ಅಧಿಕಾರಿ ಕೆಲಸದ ಜಾಗದಲ್ಲಿ ಗದರಿಸಿದ್ದು ಕ್ರಿಮಿನಲ್ ಅಪರಾಧವಲ್ಲ, ಹಾಗೆಂದುಬಿಟ್ಟರೆ ಕಚೇರಿಯ ಶಿಸ್ತೇ ಉಳಿಯದು ಎಂದು ಸುಪ್ರೀಂ ಕೋರ್ಟ್ ಪ್ರಕರಣ ರದ್ದು ಮಾಡಿತು.

ತೀರ್ಪಿನ ಮೊದಲರ್ಧ ನನಗೆ ಒಪ್ಪಿಗೆ. ಗದರಿದ ಪ್ರತಿ ಮ್ಯಾನೇಜರನನ್ನೂ ಪೊಲೀಸ್ ಠಾಣೆಗೆ ಎಳೆದರೆ ಯಾವ ಕೆಲಸವೂ ಸಾಗದು. ಆದರೆ ಶಿಸ್ತು ಎಂಬುದು ಒಂದೇ ಕಡೆಯಿಂದ ಹರಿಯುವ ಕಾಲುವೆಯೇ? ದೂರು ಕೊಟ್ಟದ್ದಕ್ಕೇ ಬೈಗುಳ ಬಿದ್ದಿದೆ ಎಂದು ಒಬ್ಬರು ಹೇಳುತ್ತಿರುವಾಗ, ದನಿ ಎಷ್ಟು ದೊಡ್ಡದಿತ್ತು ಎಂಬುದಕ್ಕಿಂತ ಏತಕ್ಕಾಗಿ ದೊಡ್ಡದಾಯಿತು ಎಂದು ಕೇಳಬೇಕು. ಎಳೆ ಬಿಟ್ಟದ್ದಕ್ಕೆ ಬೈದರೆ ಅದು ಕೆಲಸದ ಮಾತು. ಪ್ರಶ್ನೆ ಕೇಳಿದ್ದಕ್ಕೆ ಬೈದರೆ ಅದು ಬೇರೆ. ಅವನ ಜಾತಿ, ಅವಳ ಸೀರೆ, ಅವನವ್ವ, ಅವಳ ಗಂಡ ಬಾಯಿಗೆ ಬಂದರೆ ಅದಕ್ಕೂ ಕೆಲಸಕ್ಕೂ ಸಂಬಂಧವೇ ಉಳಿಯಲಿಲ್ಲ.

ಜಾತಿಯ ಮಾತು ಬಂತು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿ ಹಿಡಿದು ಬೈಯುವುದು ಅಪರಾಧವಾಗಬೇಕಾದರೆ ಅದು ಸಾರ್ವಜನಿಕರ ಕಣ್ಣೆದುರು ಆಗಿರಬೇಕು. 2022ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣ ರದ್ದು ಮಾಡುವಾಗ, ಕಟ್ಟಡದ ನೆಲಮಾಳಿಗೆಯಲ್ಲಿ ಜೊತೆಗಾರರ ಎದುರು ಬೈದದ್ದು ಸಾರ್ವಜನಿಕ ಜಾಗದಲ್ಲಿ ಬೈದಂತೆ ಅಲ್ಲ ಎಂದಿತು. ಕಾನೂನಿನ ಅಕ್ಷರಕ್ಕೆ ಅದು ಸರಿಯಿರಬಹುದು. ಆದರೆ ಕೂಲಿಯವನು ದಿನದ ಬಹುಪಾಲು ಹೊತ್ತು ಕಳೆಯುವುದು ಇಂಥ ನಾಲ್ಕು ಗೋಡೆಯೊಳಗೇ: ಶೆಡ್ಡು, ಗೋದಾಮು, ಭಟ್ಟಿಯ ಬೇಲಿ. ಅವನಿಗೆ ಅಪಮಾನ ಆಗುವುದು ಅವನನ್ನು ಬಲ್ಲವರ ಎದುರೇ.

ಸರ್ಕಾರಿ ನೌಕರರದು ಇನ್ನೊಂದು ಬಗೆ. ಅವರ ಪಗಾರ ಗಟ್ಟಿ, ಬಾಯಿಗೆ ಬೀಗ. ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು 1966ರಿಂದ ಇದ್ದವು, 2021ರಲ್ಲಿ ಹೊಸದಾಗಿ ಬಂದವು. ಸರ್ಕಾರದ ನೀತಿಯನ್ನು ಟೀಕಿಸುವಂತಿಲ್ಲ. 2023ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದ ಹೊತ್ತಿನಲ್ಲೇ ಹೊಸದುರ್ಗ ತಾಲ್ಲೂಕಿನ ಶಾಲಾ ಶಿಕ್ಷಕರೊಬ್ಬರು ಯಾವ ಮುಖ್ಯಮಂತ್ರಿಯ ಕಾಲದಲ್ಲಿ ಎಷ್ಟು ಸಾಲವಾಯಿತು ಎಂಬ ಲೆಕ್ಕವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿ ಅಮಾನತಾದರು. ಹಿಂದಿನ ಸರ್ಕಾರವೂ ಇಂಥದ್ದಕ್ಕೆ ಹಿಂದೆ ಬಿದ್ದಿರಲಿಲ್ಲ, ಮುಂದಿನದೂ ಬೀಳಲಾರದು.

ಅದೇ ಸರ್ಕಾರಿ ಜಗತ್ತಿನಲ್ಲಿ ಜನರ ಸಿಟ್ಟಿಗೆ ಸಿಗುವ ಪರಿಹಾರವೆಂದರೆ ಎತ್ತಂಗಡಿ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕನ್ನಡ ಮಾತಾಡುವುದಿಲ್ಲ ಎಂದು ಗ್ರಾಹಕರ ಜೊತೆ ಜಗಳಕ್ಕೆ ನಿಂತ ಅಧಿಕಾರಿಯ ವಿಡಿಯೊ ಹರಡಿತು. ಮುಖ್ಯಮಂತ್ರಿಯೇ ಖಂಡಿಸಿದರು, ಬ್ಯಾಂಕು ತಕ್ಷಣ ವರ್ಗ ಮಾಡಿತು. ಜನ ಗೆದ್ದರು. ಆದರೆ ವರ್ಗವಾದವರು ಎಲ್ಲೋ ಒಂದು ಊರಿಗೆ ಹೋಗಲೇಬೇಕಲ್ಲ? ‘ನೀರಿಲ್ಲದ ಜಾಗಕ್ಕೆ ಹಾಕಿಸ್ತೀನಿ’ ಎಂದು ಬೆಂಗಳೂರಿನಲ್ಲಿ ಬೆದರಿಸುವಾಗ ಬೆರಳು ತಿರುಗುವುದು ನಮ್ಮ ಕಡೆಗೆ. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ಘಟಪ್ರಭೆ ಹರಿಯುವ ನೆಲ ಇದು. ಬೀಳಗಿ ತಾಲ್ಲೂಕಿನ ಎಷ್ಟೋ ಹೊಲಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿವೆ. ನೀರು ಹೆಚ್ಚಾಗಿಯೇ ಮನೆ ಬಿಟ್ಟವರು ಪರಿಹಾರದ ಫೈಲು ಹಿಡಿದು ಹೋಗಿ ನಿಲ್ಲುವುದು, ‘ನೀರಿಲ್ಲದ ಜಾಗಕ್ಕೆ’ ಬಂದ ಸಿಟ್ಟಿನಲ್ಲಿರುವ ಅಧಿಕಾರಿಯ ಮೇಜಿನ ಮುಂದೆ. ಒಂದೂರಿನ ಜನ ಬೇಡವೆಂದವನನ್ನು ಇನ್ನೊಂದೂರಿಗೆ ದಾಟಿಸುವುದು ನಡತೆ ತಿದ್ದಿದಂತೆ ಹೇಗಾಗುತ್ತದೆ?

ವಿಡಿಯೊ ಹರಡಿಸಿ ಮಾನ ಹರಾಜು ಹಾಕುವ ಈ ಬಗೆಯ ನ್ಯಾಯವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಭಟ್ಟಿಯ ವಿಡಿಯೊ ಹೊರಬರದಿದ್ದರೆ ಆ ಮೂವರ ಮಾತನ್ನು ಇಷ್ಟು ಬೇಗ ಯಾರು ಕೇಳುತ್ತಿದ್ದರು? ಆದರೆ ಅದಕ್ಕೆ ಕಣ್ಣಿದೆ, ಕಿವಿಯಿಲ್ಲ. ಪೈಪು ಕಾಣುತ್ತದೆ. ಪೈಪಿನ ಹಿಂದಿನ ಮುಂಗಡದ ಚೀಟಿ ಕಾಣುವುದಿಲ್ಲ. ಮಜೂರಿ ಕಡಿಯುವ ಬೆರಳು, ಫೀಲ್ಡ್‌ಮನ್‌ನ ಪುಸ್ತಕ ಇವೂ ಕಾಣುವುದಿಲ್ಲ. ಹೊಡೆದವರನ್ನು ಜೈಲಿಗೆ ಹಾಕಿದ್ದು ಆಯಿತು. ಆ ಮುಂಗಡದ ಲೆಕ್ಕ ಏನಾಯಿತು ಎಂದು ಕೇಳುವ ಹೊತ್ತಿಗೆ ಮೊಬೈಲಿನಲ್ಲಿ ಬೇರೆ ವಿಡಿಯೊ ಬಂದಿತ್ತು.

ಮುಂಗಡದ ಬಗ್ಗೆ ಒಂದಿಷ್ಟು ಬಿಡಿಸಿ ಹೇಳಬೇಕು. ಭಟ್ಟಿಯಲ್ಲಿ, ಕಬ್ಬಿನ ಗ್ಯಾಂಗಿನಲ್ಲಿ ಹಂಗಾಮು ಶುರುವಾಗುವ ಮೊದಲೇ ದುಡ್ಡು ಕೈಗೆ ಬರುತ್ತದೆ. ಮಗಳ ಮದುವೆ, ಆಸ್ಪತ್ರೆ, ಹಳೆಯ ಸಾಲ, ಯಾವುದಕ್ಕೋ ಆ ದುಡ್ಡು ಹೋಗಿಯೂ ಆಗಿರುತ್ತದೆ. ಆಮೇಲೆ ದುಡಿದು ತೀರಿಸುವುದು. ಲೆಕ್ಕ ಮಾಲಕನ ಅಥವಾ ಮುಕಾದಮನ ಬಳಿ. ಇದನ್ನು ಎರಡೂ ಕಡೆಯವರು ಸಹಾಯ ಎಂದೇ ಕರೆಯುತ್ತಾರೆ, ಎಷ್ಟೋ ಸಲ ಅದು ನಿಜವೂ ಹೌದು, ಬ್ಯಾಂಕು ಕೊಡದ ದುಡ್ಡು ಅದು. ಆದರೆ ತೀರುವ ತನಕ ಬೇರೆ ಕಡೆ ದುಡಿಯುವಂತಿಲ್ಲ, ಹೇಳದೆ ಹಬ್ಬಕ್ಕೆ ಹೋಗುವಂತಿಲ್ಲ, ಎದುರು ಮಾತಾಡುವಂತಿಲ್ಲ ಎಂದಾದ ಕೂಡಲೇ ಅದರ ಹೆಸರು ಕಾನೂನಿನಲ್ಲಿ ಬದಲಾಗುತ್ತದೆ. ಜೀತ ಪದ್ಧತಿ ರದ್ದು ಮಾಡಿದ 1976ರ ಕಾಯ್ದೆ ಇರುವುದು ಇಂಥದ್ದಕ್ಕೇ. ಜೀತ ಎಂದರೆ ಹಗ್ಗದಲ್ಲಿ ಕಟ್ಟಿಹಾಕಿದ ಆಳು ಎಂದು ತಿಳಿದವರು ಬಹಳ. ಕಾಯ್ದೆ ನೋಡುವುದು ಹಗ್ಗವನ್ನಲ್ಲ, ಸಾಲಕ್ಕಾಗಿ ಬಿಟ್ಟುಕೊಟ್ಟ ಸ್ವಾತಂತ್ರ್ಯವನ್ನು. ಅಂಥ ಸಾಲ ತೀರಿಸುವ ಹೊಣೆಯೇ ಇಲ್ಲ ಎನ್ನುತ್ತದೆ, ದುಡಿಸಿಕೊಂಡವನಿಗೆ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆಯೂ ಕೇಳಿರುತ್ತೀರಿ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಮಾಲಕರ ಕಡೆಯವರು ಎಷ್ಟೋ ಕಾರ್ಮಿಕರ ಕಡೆಯವರೂ ಅಷ್ಟೇ ಇರಬೇಕು. ಸಕ್ಕರೆ, ಸಿಮೆಂಟು ಕಾರ್ಖಾನೆಗಳಿಗೆ ಇದು ಅನ್ವಯಿಸುತ್ತದೆ. ಹತ್ತು ಜನ ದುಡಿಯುವ ಮಗ್ಗದ ಶೆಡ್ಡಿಗೆ ಇಲ್ಲ. ಅದೇ ಸಂಹಿತೆಗಳಲ್ಲಿ ವಿದ್ಯುತ್ ಬಳಸುವ ಘಟಕವನ್ನು ಫ್ಯಾಕ್ಟರಿ ಎಂದು ಕರೆಯಲು ಬೇಕಾದ ಕಾರ್ಮಿಕರ ಸಂಖ್ಯೆಯನ್ನೂ 10ರಿಂದ 20ಕ್ಕೆ ಏರಿಸಿದ್ದಾರೆ. ಬನಹಟ್ಟಿಯ ಎಷ್ಟು ಶೆಡ್ಡುಗಳಲ್ಲಿ 20 ಜನ ಇದ್ದಾರೆ ಎಂದು ಲೆಕ್ಕ ಹಾಕಲು ಅಲ್ಲಿನ ಒಂದು ಓಣಿ ನಡೆದರೆ ಸಾಕು.

ಹಾಗೆ ನೋಡಿದರೆ ಕೆಳಗಿನವನು ಸುಮ್ಮನೆ ಕೂತು ಮೇಲಿನವನೇ ಉತ್ತರ ಕೊಡಬೇಕಾದ ಜಾಗ ಹಳೆಯ ಜೀತದ ಕಾಯ್ದೆಯಲ್ಲೇ ಇದೆ. ಇದು ಜೀತದ ಸಾಲ ಎಂದು ಕೂಲಿಯವನು ಹೇಳಿದರೆ ಸಾಕು. ಅಲ್ಲ ಎಂದು ಸಾಬೀತು ಮಾಡುವ ಹೊರೆಯನ್ನು 15ನೇ ಕಲಂ ಸಾಲ ಕೊಟ್ಟವನ ಮೇಲೆ ಹೊರಿಸುತ್ತದೆ. ದೂರು ಕೊಡಲು ಬೆಂಗಳೂರಿಗೆ ಹೋಗಬೇಕಿಲ್ಲ. ಪ್ರತಿ ಉಪವಿಭಾಗದಲ್ಲೂ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಾಗೃತಿ ಸಮಿತಿ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ನಮ್ಮ ಉಪವಿಭಾಗಾಧಿಕಾರಿ ಕಚೇರಿ ಇರುವುದು ಜಮಖಂಡಿಯಲ್ಲೇ. ಸಮಿತಿಯಲ್ಲಿ ಅಲ್ಲೇ ವಾಸವಿರುವ, ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದ ಮೂವರು ಇರಬೇಕು, ಇಬ್ಬರು ಸಮಾಜ ಸೇವಕರು ಇರಬೇಕು. ಆ ಐವರ ಹೆಸರು, ಫೋನ್ ನಂಬರನ್ನು ಕಚೇರಿಯ ಹೊರಗೋಡೆಯ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ, ಗ್ಯಾಂಗುಗಳು ಲಾರಿ ಹತ್ತುವ ಜಾಗದಲ್ಲಿ ಬರೆಸಿ ಎಂದು ಕೇಳಲು ಯಾವ ವಿಡಿಯೊವೂ ಬೇಕಿಲ್ಲ.